ತಲೆ ಬಿಟ್ಟು ಹೊಡೆದ ಮೊಳೆ

ನಮ್ಮ ಅತ್ತೆ ಮೊಳೆ ಹೊಡೆಯುವುದನ್ನು ನೀವು ಒಮ್ಮೆ ನೋಡಬೇಕು. ನಾಲ್ಕಾರು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಎಡಗೈ ಹೆಬ್ಬೆರಳಿನಿಂದ ಹಲಗೆಯನ್ನು ಸವರಿ ಜಾಗ ಗೊತ್ತು ಮಾಡಿಕೊಂಡು ಶುರುಮಾಡಿದರೆಂದರೆ, ಮೊದಲ ಏಟು ಮೆಲ್ಲಗೆ, ಎರಡನೆಯದು ಗಟ್ಟಿ, ಮೂರನೆಯದಕ್ಕೆ ಕೆಲಸ ಮುಗಿದಿರುತ್ತದೆ. ತುಟಿಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತ್ರ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಮಾತಾಡುವ ಅವಕಾಶ. ಉಳಿದಂತೆ ಅತ್ತೆ ಊರ ಮೇಲಿನ ಮಾತೆಲ್ಲ ಆಡುತ್ತಾರೆ, ತಮಗೇನು ಬೇಕು ಅನ್ನುವುದೊಂದನ್ನು ಬಿಟ್ಟು.

ಅವರು ದುಡಿದದ್ದು ಗಾಜಿನ ಸಾಮಾನಿನ ಕಾರ್ಖಾನೆಯಲ್ಲಿ, ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ. ಮದುವೆಗೆ ಮೊದಲೇ ಸೇರಿದವರು, ತಲೆ ನೆರೆತ ಮೇಲೆ ಬಿಟ್ಟರು. ಜಾಡಿ, ಲೋಟ, ದೀಪದ ಚಿಮಣಿ ಎಲ್ಲವನ್ನೂ ಒಣಹುಲ್ಲಿನಲ್ಲಿ ಹುದುಗಿಸಿ ಮರದ ಪೆಟ್ಟಿಗೆಗೆ ತುಂಬಿ ಮುಚ್ಚಳಕ್ಕೆ ಮೊಳೆ ಹೊಡೆಯುವುದು ಅವರ ಕೆಲಸ. ಗಂಡಸರೇ ತುಂಬಿದ್ದ ಆ ಶೆಡ್ಡಿನಲ್ಲಿ ಅವರನ್ನು ‘ಸುತ್ತಿಗೆ ಅಕ್ಕ’ ಎಂದೇ ಕರೆಯುತ್ತಿದ್ದರಂತೆ. ಆಳು ನೋಡಿದರೆ ನನ್ನ ಭುಜಕ್ಕೂ ಬರುವುದಿಲ್ಲ. ಆದರೆ ಸುತ್ತಿಗೆ ಎತ್ತಿದರೆ ಎಂಥ ದಾಂಡಿಗನೂ ಪಕ್ಕಕ್ಕೆ ಸರಿಯಬೇಕು.

ಆ ಶೆಡ್ಡಿನಲ್ಲಿ ಒಂದು ನೇಮ. ಮೊಳೆಯನ್ನು ಪೂರ್ತಿ ಒಳಗೆ ಹೊಡೆಯಬಾರದು. ತಲೆಯನ್ನು ಅಕ್ಕಿ ಕಾಳಿನಷ್ಟು ಹೊರಗೆ ಬಿಡಬೇಕು. ಮದುವೆಯಾದ ಹೊಸತರಲ್ಲಿ ನಾನು ಮುರಿದ ಸ್ಟೂಲೊಂದಕ್ಕೆ ಮೊಳೆ ಹೊಡೆಯುತ್ತಿದ್ದಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದ್ದರು.

“ಹಾಗೆ ಗುಮ್ಮಬೇಡ ಕಣೇ. ಇನ್ನೊಂದು ತುದೀಲಿ ಪೆಟ್ಟಿಗೆ ತೆಗೆಯೋನು ಒಬ್ಬ ಇರ್ತಾನೆ. ಅವನ ಇಕ್ಕಳಕ್ಕೆ ತಲೆ ಸಿಗಬೇಕು. ಪೂರ್ತಿ ಹೊಡೆದ್ಬಿಟ್ರೆ ಅವನು ಹಲಗೆ ಸೀಳ್ತಾನೆ, ಹಲಗೆ ಜೊತೆ ಒಳಗಿನ ಗಾಜೂ ಹೋಗುತ್ತೆ.”

“ಅತ್ತೆ, ಇದು ಸ್ಟೂಲು. ಇದನ್ನ ಯಾರು ತೆಗೀತಾರೆ?”

“ಯಾರಿಗ್ಗೊತ್ತು? ಕೈ ಅಭ್ಯಾಸ ಕೆಡಿಸ್ಕೋಬಾರದು.”

ಆ ಸ್ಟೂಲಿನ ಮೇಲೆ ಕೂತವರ ಬಟ್ಟೆಯೆಲ್ಲ ಹರಿಯುತ್ತಿತ್ತು. ಆದರೂ ಅತ್ತೆ ಆ ಮೊಳೆಯ ತಲೆಯನ್ನು ಒಳಗೆ ಬಡಿಯಲಿಲ್ಲ. ಅದರ ಮೇಲೊಂದು ದಿಂಬು ಹೊಲಿದು ಹಾಕಿದರು.

ಇಷ್ಟು ಮೊಳೆ ಹೊಡೆದ ಹೆಂಗಸಿಗೆ ತನ್ನ ಮನೆಯ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯುವ ಅಧಿಕಾರ ಇರಲಿಲ್ಲ. ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಜೀವನವೆಲ್ಲ ಬಾಡಿಗೆ ಮನೆ. ಮನೆ ಓನರುಗಳು ಬೀಗದ ಕೈ ಕೊಡುವಾಗಲೇ ಹೇಳುವ ಮೊದಲ ಮಾತು, “ಗೋಡೆಗೆ ಮೊಳೆ ಹೊಡೀಬೇಡಿ”. ಕನ್ನಡಿಯನ್ನು ಕಿಟಕಿಯ ಮೇಲೆ ಒರಗಿಸಿ, ಕ್ಯಾಲೆಂಡರನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ, ಉಳಿದದ್ದನ್ನೆಲ್ಲ ನೆಲದ ಮೇಲೆ ಜೋಡಿಸಿಕೊಂಡು ಮಕ್ಕಳನ್ನು ಬೆಳೆಸಿದವರು ಅತ್ತೆ. ಮಾವ ಬೇಗ ತೀರಿಕೊಂಡರು. ಆಮೇಲೆ ಮಗಳನ್ನೂ ಮಗನನ್ನೂ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋದರು. ಕಾರ್ಖಾನೆಯವರು ಬೇಡವೆಂದು ಬಿಸಾಡಿದ ಹಲಗೆಗಳಿಂದ ತಾವೇ ಒಂದು ದೊಡ್ಡ ಪೆಟ್ಟಿಗೆ ಮಾಡಿಕೊಂಡಿದ್ದರು, ಮನೆ ಬದಲಿಸಲು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಹೆಮ್ಮೆ. ಯಾವ ಓನರೂ ಅವರಿಗೆ ಮನೆ ಖಾಲಿ ಮಾಡಿ ಎಂದು ಹೇಳಿದ್ದಿಲ್ಲ. ಓನರ ಮಗನಿಗೆ ಮದುವೆ ಗೊತ್ತಾಗಿದೆ, ಓನರ ಅಣ್ಣ ಊರಿಂದ ಬರುತ್ತಾನೆ ಎಂಬ ಸುಳಿವು ಸಿಕ್ಕಿದರೆ ಸಾಕು, ಇವರೇ ಮೊದಲು ಬೇರೆ ಮನೆ ನೋಡಿಕೊಂಡು ಹೋಗಿ ಬೀಗದ ಕೈ ಕೊಟ್ಟು ಬರುತ್ತಿದ್ದರು.

ಈಗ ನಾವಿರುವುದು ಸ್ವಂತ ಮನೆ. ಸ್ವಂತ ಎಂದರೆ ಅರಮನೆ ಅಂದುಕೊಳ್ಳಬೇಡಿ, ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆ ಮನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ನಮ್ಮ ಮನೆಯಲ್ಲಿ ಗಾದೆಯಲ್ಲ, ನಿಜಸ್ಥಿತಿ. ನನ್ನ ಗಂಡ ಕಾಲು ಚಾಚಿದರೆ ಗೋಡೆಗೆ ತಾಗುತ್ತದೆ. ಅವರದು ಔಷಧಿ ಅಂಗಡಿಯಲ್ಲಿ ಕೆಲಸ, ಮಾತು ಕಮ್ಮಿ. ನಾನು ಶಾಲೆಯ ವ್ಯಾನು ಓಡಿಸುತ್ತೇನೆ. ನನ್ನ ಎತ್ತರ ನೋಡಿ ಅತ್ತೆ ಮೊದಲ ದಿನವೇ “ಅಬ್ಬಾ, ಏಣಿ ತರೋ ಖರ್ಚು ಉಳೀತು!” ಎಂದಿದ್ದರು. ಅಂದಿನಿಂದ ಅವರ ಪಾಲಿಗೆ ನಾನು ‘ಏಣಿ’. ಹೊರಗಿನ ಕೋಣೆಯ ಮೂಲೆಯಲ್ಲಿ ಅತ್ತೆಯ ಮಂಚ, ಮಂಚದ ಕೆಳಗೆ ಆ ಹಳೆಯ ಪೆಟ್ಟಿಗೆ. ಸ್ವಂತ ಮನೆಗೆ ಬಂದು ವರ್ಷಗಳಾದರೂ ಅವರು ಅದನ್ನು ಖಾಲಿ ಮಾಡಿರಲಿಲ್ಲ. ಬೇಕಾದ ವಸ್ತು ತೆಗೆದುಕೊಂಡು, ಕೆಲಸವಾದ ಮೇಲೆ ಮತ್ತೆ ಅಲ್ಲೇ ಇಟ್ಟು ಮುಚ್ಚಳ ಹಾಕುತ್ತಿದ್ದರು.

ಈ ವರ್ಷ ನನ್ನ ಮಗಳು ದೊಡ್ಡ ತರಗತಿಗೆ ಬಂದಳು. ಪುಸ್ತಕಗಳ ರಾಶಿ ಬಂತು. ಇಡಲು ಜಾಗವಿಲ್ಲ, ಕೂತು ಬರೆಯಲು ಜಾಗವಿಲ್ಲ. ಅಜ್ಜಿಯ ಮಂಚದ ತುದಿಯಲ್ಲಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ತಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ನಾದಿನಿಯ ಫೋನು ಬಂತು. ನಾದಿನಿ, ಅಂದರೆ ಅತ್ತೆಯ ಮಗಳು, ಒಳ್ಳೆಯವಳು. ದೊಡ್ಡ ಮನೆ, ಒಂದು ಕೋಣೆ ಖಾಲಿ ಇದೆ, ಕಿಟಕಿಯಾಚೆ ಮರವಿದೆ. “ಅಮ್ಮ, ಇನ್ನು ಇಲ್ಲಿ ಬಂದು ಇದ್ದುಬಿಡು” ಎಂದಳು. ಅತ್ತೆ ಫೋನಿಟ್ಟು ನಮ್ಮ ಕಡೆ ತಿರುಗಿ, ನಾಳೆ ತರಕಾರಿ ತರಬೇಕು ಅನ್ನುವ ದನಿಯಲ್ಲಿ ಹೇಳಿದರು:

“ಇನ್ನು ಸ್ವಲ್ಪ ದಿನದಲ್ಲಿ ಹೊರಡ್ತೀನಿ. ಮಗೂಗೆ ಓದೋಕೆ ಈ ಮೂಲೆ ಆಗುತ್ತೆ.”



ನನಗೆ ಕೋಪ ಮೂಗಿನ ತುದಿಯಲ್ಲೇ. ರಸ್ತೆಯಲ್ಲಿ ಅಡ್ಡ ಬಂದ ಲಾರಿಯವನನ್ನು ಇಳಿಸಿ ಬೈದಿದ್ದೇನೆ. ಆದರೆ ಆ ದಿನ “ಬೇಡ, ಇಲ್ಲೇ ಇರಿ” ಎಂಬ ಮಾತು ಬಾಯಿಗೆ ಬರಲಿಲ್ಲ. ಹೇಗೆ ಹೇಳಲಿ? ಅಲ್ಲಿ ಕೋಣೆಯಿದೆ, ಮರವಿದೆ. ಇಲ್ಲಿ ಮಗ್ಗುಲು ಬದಲಿಸಿದರೆ ಕಿರುಗುಟ್ಟುವ ಮಂಚವಿದೆ. ನನ್ನ ಆಸೆಗೆ ಅವರನ್ನು ಇಲ್ಲಿ ಹಿಡಿದಿಟ್ಟುಕೊಳ್ಳುವುದು ಸರಿಯೇ ಎಂದು ನಾನು ಸುಮ್ಮನಾದೆ. ಗಂಡನ ಮುಖ ನೋಡಿದೆ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು.

ಈ ಅತ್ತೆ ನನಗೆ ಏನು ಎಂದು ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಹೊಲಿಗೆ ಘಟಕ ಮುಚ್ಚಿಹೋದಾಗ, ವ್ಯಾನು ಓಡಿಸುತ್ತೇನೆ ಎಂದೆ. ನೆಂಟರಿಷ್ಟರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. “ನಾನು ಸುತ್ತಿಗೆ ಹಿಡಿದಾಗಲೂ ಇವರೇ ನಕ್ಕಿದ್ದು” ಎಂದು ಹೇಳಿ, ಬೆಳಗಾದರೆ ನನ್ನ ಜೊತೆ ಮೈದಾನಕ್ಕೆ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಅವರಿಗೆ ಗೇರೂ ಗೊತ್ತಿಲ್ಲ, ಕ್ಲಚ್ಚೂ ಗೊತ್ತಿಲ್ಲ. ಒಂದು ದಿನ ವ್ಯಾನನ್ನು ನೇರವಾಗಿ ಕಂಬಕ್ಕೆ ಗುದ್ದಿದೆ. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅಳುತ್ತಿದ್ದರೆ, ಅತ್ತೆ ಇಳಿದು ಹೋಗಿ ನೋಡಿ ಬಂದು ಬಾಗಿಲು ಹಾಕಿಕೊಂಡರು. “ಕಂಬಕ್ಕೇನೂ ಆಗಿಲ್ಲ. ನಡಿ.” ಆಮೇಲೆ ನಾನು ರಸ್ತೆಗಿಳಿದೆ. ಕೈಗೂಸನ್ನು ಅವರ ಮಡಿಲಿಗೆ ಹಾಕಿ ಹೋದರೆ, ಬಂದಾಗ ಮಗು ತೊಳೆದು ಉಣ್ಣಿಸಿ ಮಲಗಿಸಿದ ಮಗುವಾಗಿರುತ್ತಿತ್ತು. ನನ್ನ ತಾಯಿ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಈ ಋಣ ತೀರಿಸುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ. ಹೊತ್ತುಕೊಂಡು ಓಡಾಡಲು ಅದು ಹಗುರವಾಗಿಯೇ ಇದೆ.

ಬಾಯಲ್ಲಿ ಹೇಳಲಾಗದವಳು ಏನು ಮಾಡಿದೆ ಗೊತ್ತೇ? ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವಾಗ ಫೋನಿನಲ್ಲಿ ಮನೆಗಳ ಚಿತ್ರ ನೋಡುತ್ತಿದ್ದೆ. ಬಿಳಿ ಗೋಡೆ, ಗೋಡೆಯ ಮೇಲೆ ಹಲಗೆಗಳು, ಹಲಗೆಯ ಕೆಳಗೆ ಆಧಾರವೇ ಕಾಣದು, ಗಾಳಿಯಲ್ಲಿ ತೇಲುತ್ತಿರುವಂತೆ ನಿಂತಿವೆ. ನಮ್ಮ ನೆಲದ ಮೇಲಿನ ಸಾಮಾನೆಲ್ಲ ಗೋಡೆ ಹತ್ತಿದರೆ ಮನೆ ದೊಡ್ಡದಾಗುತ್ತದೆ, ಅತ್ತೆ ಹೋಗುವ ಕಾರಣವೇ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಂಗಡಿಯಲ್ಲಿ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಬಂದು, ಚಿತ್ರವನ್ನು ಅತ್ತೆಗೆ ತೋರಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. “ಇಷ್ಟುದ್ದ ಹಲಗೆ ಮೇಲೆ ಎರಡೇ ಬಾಟ್ಲು, ಒಂದು ಗಿಡ. ಪಾಪ, ಇವರಿಗೆ ಸಾಮಾನು ಇಲ್ವೇನೇ?”

“ಅದು ಸ್ಟೈಲು ಅತ್ತೆ. ನಡುವೆ ಖಾಲಿ ಬಿಟ್ಟರೇ ಅಂದ.”

“ಖಾಲಿ ಬಿಟ್ರೆ ಅಲುಗಾಡುತ್ತೆ, ಅಲುಗಾಡಿದ್ರೆ ಒಡೆಯುತ್ತೆ. ಅಷ್ಟೂ ಗೊತ್ತಾಗಲ್ವಾ ಇವರಿಗೆ?” ಎಂದು ಚಿತ್ರವನ್ನು ಇನ್ನಷ್ಟು ಹತ್ತಿರ ಹಿಡಿದರು. ಹಲಗೆ ನಿಂತಿರುವುದು ಹೇಗೆ ಎಂದು ಕೇಳಿದರು. ಗೋಡೆಗೆ ಒಂದು ಮರದ ಪಟ್ಟಿ ಬಿಗಿದಿರುತ್ತಾರೆ, ಒಳಗೆ ಪೊಳ್ಳಾದ ಹಲಗೆಯನ್ನು ಅದರ ಮೇಲೆ ಅಂಗಿ ತೊಡಿಸಿದ ಹಾಗೆ ತೊಡಿಸುತ್ತಾರೆ, ಪಟ್ಟಿ ಕಾಣುವುದಿಲ್ಲ ಎಂದೆ. ಅತ್ತೆಯ ಮುಖ ಅರಳಿತು.

“ಅಯ್ಯೋ, ಇಷ್ಟೇನಾ! ಒಂದು ಕಡೆ ಬಾಯಿ ತೆರೆದ ಪೆಟ್ಟಿಗೆ ಕಣೇ ಇದು. ಇದಕ್ಕೆ ಅಂಗಡಿಯವನಿಗೆ ದುಡ್ಡು ಕೊಡ್ತಾರಾ? ನಾನು ಮಾಡ್ತೀನಿ. ಇದನ್ನ ಮುಗಿಸಿಕೊಟ್ಟೇ ಹೊರಡ್ತೀನಿ, ನಿಮಗೆ ಓಡಾಡೋಕೆ ನೆಲ ಸಿಗುತ್ತೆ.”

ನೋಡಿ ನನ್ನ ಬುದ್ಧಿವಂತಿಕೆ! ಅತ್ತೆಯನ್ನು ಉಳಿಸಿಕೊಳ್ಳಲು ಹೋಗಿ, ಅವರು ಹೊರಡುವುದಕ್ಕೆ ನಾನೇ ಒಂದು ಗಡುವು ಹಾಕಿಕೊಟ್ಟಿದ್ದೆ. ಹಲಗೆ ಮುಗಿದ ದಿನ ಅತ್ತೆಯ ಪಯಣ.

ಹಳೆಯ ಶೆಡ್ಡಿಗೆ ಹೋಗಿ ‘ಸುತ್ತಿಗೆ ಅಕ್ಕ ಬಂದಿದ್ದಾಳೆ’ ಎಂದು ಹೇಳಿಸಿ, ಒಡೆದ ಪೆಟ್ಟಿಗೆಗಳ ಹಲಗೆಗಳನ್ನು ಪುಕ್ಕಟೆ ತಂದೆವು. ನನ್ನ ವ್ಯಾನಿನ ಸೀಟುಗಳ ನಡುವೆ ಅವನ್ನು ಮಲಗಿಸಿ, ಅತ್ತೆ ದಾರಿಯುದ್ದಕ್ಕೂ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತಾ ಬಂದರು. ಹಳೆಯ ಮೊಳೆಗಳನ್ನು ಕಿತ್ತು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದರು. ಉಜ್ಜುವ ಕಾಗದದಿಂದ ಮರವನ್ನು ಉಜ್ಜಿದೆವು. ಟೆರೇಸಿನ ತುಂಬ ಮರದ ಹಿಟ್ಟು. ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ತನ್ನ ಡ್ರಿಲ್ಲು ಕೊಡುವಾಗ, “ಅಜ್ಜಿ, ನಾನೇ ತೂತು ಹಾಕಿಕೊಡ್ಲಾ?” ಎಂದ. “ನೀನು ಕರೆಂಟು ನೋಡ್ಕೋ, ಮರ ನಾನು ನೋಡ್ಕೋತೀನಿ” ಎಂದರು ಅತ್ತೆ.

ಆದರೆ ಗೋಡೆಯ ಮುಂದೆ ನಿಂತಾಗ ಗುಂಡಿ ಒತ್ತದೆ ಡ್ರಿಲ್ಲು ಕೆಳಗಿಳಿಸಿದರು. ತಿರುಗಿ ಮಗನನ್ನು ಕೇಳಿದರು. “ಲೋ, ಓನರ್ ಏನೂ ಅನ್ನಲ್ವಾ?”

ನನ್ನ ಗಂಡ ಓದುತ್ತಿದ್ದ ಪೇಪರು ಕೆಳಗಿಟ್ಟರು. “ಓನರ್ ನೀನೇ ಅಮ್ಮ.”

ಅತ್ತೆ ಗೋಡೆಯನ್ನು ಒಮ್ಮೆ ಅಂಗೈಯಿಂದ ಸವರಿದರು. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ಗುಂಡಿ ಒತ್ತಿದರು. ಗುರ್ರೆಂದು ಸದ್ದು, ಇಟ್ಟಿಗೆಯ ಕೆಂಪು ಪುಡಿ ಅವರ ಕೂದಲ ಮೇಲೆಲ್ಲ. ತೂತು ಬಿದ್ದ ಮೇಲೆ ಕಿರುಬೆರಳು ಇಟ್ಟು ನೋಡಿ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಆ ನಗು ನೋಡಲು ಇನ್ನೂ ಹತ್ತು ತೂತು ಹಾಕಿಸಬಹುದಿತ್ತು.

ಅದು ಕೈ ಪಳಗಿಸಲು ಹಾಕಿದ ತೂತು. ಹಲಗೆ ಎಷ್ಟು ಎತ್ತರದಲ್ಲಿರಬೇಕು ಎಂಬ ಪ್ರಶ್ನೆ ಆಮೇಲೆ ಬಂತು. “ಬಾರೇ ಏಣಿ, ಗೋಡೆಗೆ ನಿಲ್ಲು” ಎಂದರು. ನನ್ನ ಭುಜಕ್ಕೊಂದು, ಹಣೆಗೊಂದು, ಎತ್ತಿದ ಕೈಗೊಂದು ಪೆನ್ಸಿಲ್ ಗುರುತು ಹಾಕಿಕೊಂಡರು. ಮೂರು ಗುರುತಿಗೂ ಸ್ಟೂಲು ಹತ್ತಿದರು, ಅದೇ ದಿಂಬಿನ ಸ್ಟೂಲು. ಮಟ್ಟ ನೋಡಲು ಅರ್ಧ ನೀರು ತುಂಬಿದ ಬಾಟಲಿಯನ್ನು ಪಟ್ಟಿಯ ಮೇಲೆ ಮಲಗಿಸಿದರು. ನೀರು ಸಮ ನಿಂತರೆ ಪಟ್ಟಿ ಸಮ. ತೂತಿಗೆ ಪ್ಲಾಸ್ಟಿಕ್ ಪ್ಲಗ್ಗು ತುರುಕಿ ಸ್ಕ್ರೂ ಬಿಗಿದು, ಪೊಳ್ಳು ಹಲಗೆಯನ್ನು ತೊಡಿಸಿ, ಮೇಲಿನಿಂದ ಒಳಗಿನ ಪಟ್ಟಿಗೆ ಮೊಳೆ ಹೊಡೆದರು. ನೇಮದಂತೆ, ಅಕ್ಕಿ ಕಾಳಿನಷ್ಟು ತಲೆ ಹೊರಗೆ.

ನಾನೂ ಸುಮ್ಮನಿರಲಿಲ್ಲ. ಕೆಲಸ ಎಳೆಯತೊಡಗಿದೆ. ಬಣ್ಣ ಸರಿಯಿಲ್ಲ ಎಂದೆ. ಅತ್ತೆ ಟೀ ಡಿಕಾಕ್ಷನ್ ಗಟ್ಟಿಯಾಗಿ ಕುದಿಸಿ ಮರಕ್ಕೆ ಬಳಿದರು, ಅದು ಒಣಗಿದ ಮೇಲೆ ತುಕ್ಕು ಮೊಳೆಗಳನ್ನು ನೆನೆಹಾಕಿದ ವಿನೆಗರ್ ಸವರಿದರು. ಬಿಳಿಚಿಕೊಂಡಿದ್ದ ಮರ ಕಣ್ಣೆದುರೇ ಕಂದಾಯಿತು. ಅಂಗಡಿಯ ಹಲಗೆ ಇದರ ಮುಂದೆ ನಿಲ್ಲಬೇಕು! ಆಗ ನಾನು ಅಂಚು ಒರಟಾಗಿದೆ ಎಂದೆ. ಮತ್ತೆ ಉಜ್ಜಿದರು. ಎರಡನೆಯದು ಒಂದು ಕೂದಲೆಳೆ ಓರೆ ಎಂದೆ. ನೀರಿನ ಬಾಟಲಿ ತಂದು ನನ್ನ ಮೂಗಿನ ಮುಂದೆ ಹಿಡಿದರು.

“ನೋಡು, ಓರೆ ಇರೋದು ಹಲಗೆಯಲ್ಲ, ನಿನ್ನ ಮಾತು. ಏನೇ ಆಗಿದೆ ನಿನಗೆ?”

“ಏನಿಲ್ಲ.”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಕೇಳಿದ್ದೆ. ನೀನು ದೊಣ್ಣೆಯೂ ಅಲ್ಲ, ಕುಂಬಾರನೂ ಆಗಲಿಲ್ಲ. ಸುಮ್ನೆ ಆ ಹಲಗೆ ಹಿಡ್ಕೋ.”

ಅಂತೂ ಮೂರೂ ಹಲಗೆ ಗೋಡೆ ಹತ್ತಿದವು. ಆ ಭಾನುವಾರ ಸಾಮಾನು ಜೋಡಿಸಲು ಕೂತೆವು. ನಾನು ಹಿಂದೆ ಎತ್ತರದ್ದು, ಮುಂದೆ ಗಿಡ್ಡದ್ದು, ನಡುವೆ ಒಂದು ಗೇಣು ಖಾಲಿ ಎಂದು ಚಿತ್ರ ನೋಡಿ ಜೋಡಿಸುವುದು, ನಾನು ಅಡುಗೆ ಮನೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಆ ಖಾಲಿಯಲ್ಲಿ ಬಟ್ಟೆಯ ಗಂಟು ತುರುಕಿರುವುದು. ಮಗಳ ಪುಸ್ತಕ, ವ್ಯಾನಿನ ಕಾಗದಪತ್ರ, ಗಂಡನ ರೇಡಿಯೋ, ಹಿಟ್ಟಿನ ಡಬ್ಬಿ, ನನ್ನ ಪೌಡರು, ಒಂದು ಹಸಿರು ಬಳ್ಳಿ. ನೆಲ ನಿಜಕ್ಕೂ ಕಾಣಿಸಿತು. ನನ್ನ ಗಂಡ ಖುಷಿಯಾಗಿ ಭುಜದ ಮಟ್ಟದ ಹಲಗೆಯ ಮೇಲೆ ಟೀ ಲೋಟ ಇಟ್ಟರು. ಲೋಟ ಮೊಳೆಯ ತಲೆಯ ಮೇಲೆ ಕೂತು ವಾಲಿ ಅವರ ಅಂಗಿಯ ಮೇಲೆಯೇ ಬಿತ್ತು.

“ಅತ್ತೆ, ಈ ತಲೆಗಳನ್ನ ಒಳಗೆ ಹೊಡೆದುಬಿಡಿ” ಎಂದೆ.

“ಬೇಡಮ್ಮ. ನಾಳೆ ತೆಗೆಯೋರಿಗೆ ಕಷ್ಟ ಆಗಬಾರದು.”

“ಯಾರು ತೆಗೀತಾರೆ?”

ಅತ್ತೆ ಕನ್ನಡಕ ತೆಗೆದು ಒರೆಸಿದರು. ಇಡಲು ಅತ್ತಿತ್ತ ನೋಡಿದರು. ಕೆಳಗಿನ ಹಲಗೆಯತ್ತ ಕೈಯೆತ್ತಿದರು, ತುದಿಗಾಲಲ್ಲಿ ನಿಂತರೂ ಹಲಗೆಯ ಮೇಲ್ಭಾಗ ಕಾಣದೆ ಕೈ ಅಂಚಿನಲ್ಲೇ ತಡವರಿಸಿತು. ಬಗ್ಗಿ, ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಕನ್ನಡಕವನ್ನು ಅದರೊಳಗಿಟ್ಟು ಮುಚ್ಚಳ ಹಾಕಿದರು.

ಆಗ ನಾನು ಗೋಡೆಯನ್ನು ನೋಡಿದೆ. ನನ್ನ ಭುಜ, ನನ್ನ ಹಣೆ, ನನ್ನ ಎತ್ತಿದ ಕೈ. ಮೂರು ಹಲಗೆಯಲ್ಲಿ ಒಂದೂ ಅವರ ಎತ್ತರಕ್ಕಿಲ್ಲ. ಗಂಡನ ರೇಡಿಯೋ ಇದೆ, ನನ್ನ ಪೌಡರು ಇದೆ, ಅತ್ತೆಯದು ಎಂದು ಒಂದು ಬಾಚಣಿಗೆಯೂ ಇಲ್ಲ. ಅವರು ಈ ಗೋಡೆಯನ್ನು ಕಟ್ಟಿದ್ದೇ ತಾವಿಲ್ಲದ ಮನೆಗೆ.

ಕಟ್ಟೆ ಒಡೆಯಿತು. ನಾನು ಲಾರಿಯವನಿಗೆ ಬೈಯುವ ದನಿಯಲ್ಲಿ ಅತ್ತೆಗೆ ಬೈದೆ.

“ಏನಂದ್ಕೊಂಡಿದ್ದೀರಿ ನೀವು? ನಿಮ್ಮದೊಂದು ವಸ್ತು ಇಡೋಕೆ ಜಾಗ ಇಲ್ಲದ ಹಲಗೆ ನನಗ್ಯಾಕೆ ಬೇಕು? ಈಗಲೇ ಕಿತ್ತು ಬಿಸಾಕ್ತೀನಿ! ತಲೆ ಬಿಟ್ಟಿದ್ದೀರಲ್ಲ, ಸುಲಭವಾಗೇ ಬರುತ್ತೆ!”

“ಅರೆ, ಯಾಕೆ ಕೂಗ್ತೀಯೇ? ನಾನು ಹೋಗೋಳು, ನನಗ್ಯಾಕೆ ಹಲಗೆ?”

“ಯಾರು ಹೋಗಿ ಅಂದ್ರು?”

“ಯಾರೂ ಅನ್ನಲಿಲ್ಲ” ಎಂದರು ಅತ್ತೆ ಮಂಚದ ಮೇಲೆ ಕೂರುತ್ತಾ. ದನಿ ತಗ್ಗಿತ್ತು. “ಅನ್ನಿಸ್ಕೊಳ್ಳೋಕೆ ಮುಂಚೆ ಹೊರಡೋದು ಕಲ್ತಿದ್ದೀನಿ ಅಷ್ಟೆ. ಮಗು ತೊಡೆ ಮೇಲೆ ತಟ್ಟೆ ಇಟ್ಕೊಂಡು ಬರೆಯೋದು ನನ್ನ ಕಣ್ಣಿಗೆ ಕಾಣಲ್ವಾ? ಹೋಗ್ತೀನಿ ಅಂದಾಗ ನೀವಿಬ್ಬರೂ ಸುಮ್ಮನಿದ್ರಿ. ಇರು ಅಂತಲೂ ಯಾರೂ ಅನ್ನಲಿಲ್ವಲ್ಲ ಕಣೇ.”

ಅಯ್ಯೋ ದೇವರೇ! ನಾನು ಅವರ ಒಳ್ಳೆಯದಕ್ಕೆಂದು ಬಾಯಿ ಕಟ್ಟಿಕೊಂಡಿದ್ದೆ. ಅವರು ಅದನ್ನು ಓನರು ಕೊಟ್ಟ ಸುಳಿವು ಎಂದುಕೊಂಡಿದ್ದರು. ನಾನು ಅವರ ಪಕ್ಕದಲ್ಲಿ ಕೂತೆ. ಅಳುತ್ತಲೇ ಹೇಳಿದೆ, ಅಳುವಾಗಲೂ ನನ್ನ ದನಿ ಜೋರೇ.

“ಇರಿ. ಸಾಕಾ? ಇರಿ. ನೀವಿಲ್ಲದಿದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಇವರ ಜೊತೆನಾ? ಗೋಡೆ ಜೊತೆ ಆಡಿದ ಹಾಗೆ. ನಾನು ಕಂಬಕ್ಕೆ ಗುದ್ದಿದಾಗ ನಡಿ ಅಂದವರು ನೀವು. ಈ ಮನೆಗೆ ನೀವು ಬೇಕು, ನನಗೆ ಬೇಕು. ಜಾಗ ಚಿಕ್ಕದು, ನಿಜ. ಆದ್ರೂ ಇರಿ.”

ನನ್ನ ಗಂಡ ಟೀ ಬಿದ್ದ ಅಂಗಿಯಲ್ಲೇ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತರು. “ಇರು ಅಮ್ಮ” ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಅತ್ತೆ ನನ್ನ ಮುಖವನ್ನು ಒರೆಸಿ, “ಮೊದಲು ಮೂಗು ಸೀಟ್ಕೊಂಡು ಬಾ” ಎಂದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾಡಿ, ಎದ್ದು ಹೋಗಿ ಅನ್ನಕ್ಕೆ ನೀರಿಟ್ಟರು.

ಮರುದಿನ ಮಧ್ಯಾಹ್ನ ಮಕ್ಕಳನ್ನೆಲ್ಲ ಮನೆಗಳಿಗೆ ಬಿಟ್ಟು, ಅತ್ತೆ ಇರುತ್ತಾರೋ ಹೋಗುತ್ತಾರೋ ಎಂಬ ಪ್ರಶ್ನೆ ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಒಳಗಿನಿಂದ ಕಿರ್ರ್, ಕಿರ್ರ್ ಎಂದು ಸದ್ದು. ಬಾಗಿಲು ತೆರೆದರೆ ಅತ್ತೆಯ ಪೆಟ್ಟಿಗೆ ಕೋಣೆಯ ನಡುವೆ, ಖಾಲಿ! ಅದರೊಳಗಿನದೆಲ್ಲ ಮಂಚದ ಮೇಲೆ. ಕಂಬಳಿ, ಮಾವನ ಕ್ಷೌರದ ಕನ್ನಡಿ, ಬಾಚಣಿಗೆ, ನಾನು ಎಂದೂ ನೋಡಿರದ ಒಂದು ಗಾಜಿನ ದೀಪ. ಅತ್ತೆ ನೆಲದ ಮೇಲೆ ಕೂತು ಇಕ್ಕಳದಿಂದ ಪೆಟ್ಟಿಗೆಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ತಲೆ ಹೊರಗಿದ್ದ ಮೊಳೆಗಳು, ಎಳೆದರೆ ಬೆಣ್ಣೆಯಿಂದ ಬಂದಂತೆ ಬರುತ್ತಿದ್ದವು.

“ನಿಂತ್ಕೊಂಡು ಏನ್ ನೋಡ್ತೀಯ? ಶೆಡ್ಡಿಂದ ತಂದ ಹಲಗೆ ಮುಗಿದುಹೋಯ್ತು. ಕೆಳಗಡೆ ಒಂದು ಬೇಕಲ್ಲ ಗಟ್ಟಿಯಾದ್ದು. ಬಾ, ಆ ತುದಿ ಹಿಡ್ಕೋ.”

ನಾನು ಹೋಗಿ ಆ ತುದಿ ಹಿಡಿದುಕೊಂಡೆ.

ಈ ಸಲ ಗೋಡೆಗೆ ನಿಂತದ್ದು ಅತ್ತೆ, ಪೆನ್ಸಿಲ್ ಹಿಡಿದದ್ದು ನಾನು. ಅವರ ಮೊಣಕೈಯ ಮಟ್ಟಕ್ಕೆ ಗುರುತು ಹಾಕಿದೆ. ಮಂಚವನ್ನು ಎರಡು ಮೊಳ ಸರಿಸಿ, ಮೂಲೆಯ ಎರಡೂ ಗೋಡೆಗೆ ಪಟ್ಟಿ ಬಿಗಿದೆವು, ಭಾರ ತಡೆಯಲಿ ಎಂದು. ಪೆಟ್ಟಿಗೆಯ ಹಲಗೆಗಳಿಂದ ಆದದ್ದು ಉಳಿದವಕ್ಕಿಂತ ಅಗಲವಾದ ಹಲಗೆ. ನನ್ನ ಮಗಳು ಶಾಲೆಯ ಚೀಲ ಇಳಿಸಿ, ದಿಂಬಿನ ಸ್ಟೂಲು ಎಳೆದುಕೊಂಡು, ಅದರ ಮುಂದೆ ಕೂತು ಮೊಣಕೈ ಊರಿದಳು. ಅಜ್ಜಿಯ ಎತ್ತರಕ್ಕೆ ಹಾಕಿದ ಹಲಗೆ ಅವಳಿಗೆ ಮೇಜಾಯಿತು. “ಅಜ್ಜಿ, ಸರಿಯಾಗಿದೆ!” ಎಂದು ಕೂಗಿದಳು. ನಾವು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದ ಮೂಲೆಯಲ್ಲಿ ಇಬ್ಬರಿಗೂ ಜಾಗವಿತ್ತು.

ಆಮೇಲೆ ಮೊಳೆ. ಅತ್ತೆ ಪೆಟ್ಟಿಗೆಯಿಂದ ಕಿತ್ತ ಆ ಹಳೆಯ ಮೊಳೆಗಳನ್ನೇ ನೆಟ್ಟಗೆ ಮಾಡಿ ತುಟಿಯಲ್ಲಿ ಕಚ್ಚಿಕೊಂಡರು. ಮೆಲ್ಲಗೆ ಒಂದು, ಗಟ್ಟಿಯಾಗಿ ಒಂದು, ಮತ್ತೊಂದು. ಅಕ್ಕಿ ಕಾಳಿನಷ್ಟು ತಲೆ ಹೊರಗೆ ಉಳಿದಾಗ ಅಭ್ಯಾಸದಂತೆ ಸುತ್ತಿಗೆ ನಿಂತಿತು. ನಾನು ಹಲಗೆಯ ತುದಿ ಹಿಡಿದುಕೊಂಡೇ ನೋಡುತ್ತಿದ್ದೆ.

ಅತ್ತೆ ಆ ತಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ತುಟಿಯಲ್ಲಿದ್ದ ಮೊಳೆಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

“ಪೂರ್ತಿ ಹೊಡೆದ್ರೆ ಆಮೇಲೆ ಕೀಳೋಕಾಗಲ್ಲ ಕಣೇ. ಕಿತ್ರೆ ಮರ ಸೀಳಿಹೋಗುತ್ತೆ.”

“ಕೀಳೋರು ಯಾರಿದ್ದಾರೆ ಅತ್ತೆ?”

ಅವರು ತಲೆಯಾಡಿಸಿದರು. ಒಂದು ಹಳೆಯ ಬೋಲ್ಟನ್ನು ಮೊಳೆಯ ಮೇಲಿಟ್ಟು, ಅದರ ಮೇಲೆ ಒಂದು ಏಟು ಹಾಕಿದರು. ತಲೆ ಮರದೊಳಗೆ ಇಳಿಯಿತು. ಮುಂದಿನದಕ್ಕೆ ಒಂದು, ಅದರ ಮುಂದಿನದಕ್ಕೆ ಒಂದು. ಕೊನೆಯದಾದ ಮೇಲೆ ಅಂಗೈಯಿಂದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು, ಎಲ್ಲೂ ಏನೂ ತಾಗಲಿಲ್ಲ.

ಅದರ ಮೇಲೆ ಅವರು ಮೊದಲು ಇಟ್ಟದ್ದು ಆ ಗಾಜಿನ ದೀಪ. ಗಾಜಿನಲ್ಲೊಂದು ಗುಳ್ಳೆ ಇದೆ ಎಂದು ಕಾರ್ಖಾನೆಯವರು ತೆಗೆದಿಟ್ಟಿದ್ದನ್ನು, ಕೆಲಸ ಬಿಡುವ ದಿನ ಕೇಳಿ ತಂದದ್ದಂತೆ. ಅಂದಿನಿಂದ ಅದು ಹುಲ್ಲಿನಲ್ಲೇ ಇತ್ತು, ಒಂದು ದಿನವೂ ಬೆಳಕು ನೋಡಿರಲಿಲ್ಲ. ದೀಪದ ಪಕ್ಕದಲ್ಲಿ ಮಾವನ ಕನ್ನಡಿ, ಅದರಾಚೆ ಕನ್ನಡಕ. ಇನ್ನು ಬಟ್ಟೆಯ ಗಂಟು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ದೀಪದ ಸುತ್ತ ಒಂದೊಂದು ಗೇಣು ಖಾಲಿ ಬಿಟ್ಟು, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದರು.

“ಅತ್ತೆ, ಜಾಗ ಖಾಲಿ ಬಿಟ್ಟಿದ್ದೀರಿ!”

“ಇರಲಿ ಬಿಡು. ಇನ್ನು ಎಲ್ಲಿಗೂ ಹೋಗೋದಿಲ್ವಲ್ಲ, ಅಲುಗಾಡಲ್ಲ.”

ಸಂಜೆ ನಾದಿನಿಯ ಫೋನು ಬಂತು. ಯಾವತ್ತು ಬರುತ್ತೀಯ, ಕರೆದುಕೊಂಡು ಹೋಗಲು ಗಾಡಿ ಕಳಿಸಲಾ ಎಂದು ಕೇಳಿದಳು. ಅತ್ತೆ ಮಂಚದ ಮೇಲೆ ಕೂತು, ಒಂದು ಕೈಯನ್ನು ಹೊಸ ಹಲಗೆಯ ಮೇಲೆ ಇಟ್ಟುಕೊಂಡು ಮಾತಾಡಿದರು.

“ಬರ್ತೀನಿ ಕಣೇ, ನಿನ್ನ ಮರ ನೋಡೋಕೆ ಬರ್ತೀನಿ. ನಾಲ್ಕು ದಿನ ಇದ್ದು ವಾಪಸ್ ಬರ್ತೀನಿ. ಗಾಡಿ ಗೀಡಿ ಎಲ್ಲ ಬೇಡ, ಏಣಿ ವ್ಯಾನಲ್ಲಿ ತಂದು ಬಿಡ್ತಾಳೆ. ಕೈಯಲ್ಲೊಂದು ಚೀಲ ಅಷ್ಟೆ. ಏನು? ಪೆಟ್ಟಿಗೆನಾ? ಪೆಟ್ಟಿಗೆ ಎಲ್ಲಿದೆ ಇನ್ನು? ಅದನ್ನ ನಮ್ಮನೆ ಗೋಡೆಗೆ ಜಡಿದುಬಿಟ್ಟೆ.”